ಬೆನ್ನು ಹಾಕಿ ನುಡಿಸಿದ ನೃತ್ಯ

ಆ ನೃತ್ಯ ತಂಡದವರೆಲ್ಲ ಅವಳನ್ನು ಪಿಯಾನೊ ಅಕ್ಕ ಎನ್ನುತ್ತಿದ್ದರು. ಹಿಂದೆ ಹೊಲಿಗೆ ಕಾರ್ಖಾನೆಯಾಗಿದ್ದ ಉದ್ದನೆಯ ಹಾಲಿನಲ್ಲಿ ಅವರ ಅಭ್ಯಾಸ. ಪಿಯಾನೊ ಮೂಲೆಯ ಗೋಡೆಗೆ ಒತ್ತಿಕೊಂಡಿತ್ತು. ನುಡಿಸುವವಳ ಮುಖ ಗೋಡೆಗೆ, ಬೆನ್ನು ಕುಣಿಯುವವರಿಗೆ. ಪ್ರದರ್ಶನದ ದಿನವೂ ವೇದಿಕೆಯ ಪಕ್ಕದಲ್ಲಿ ಹಾಗೆಯೇ ಇಡುತ್ತಿದ್ದರು. ಹೀಗಾಗಿ ಎಷ್ಟೋ ವರ್ಷದಿಂದ ನುಡಿಸುತ್ತಿದ್ದ ಬ್ಯಾಲೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಅದರಲ್ಲಿ ಕಥೆಯಿಲ್ಲ, ರಾಜನೂ ಇಲ್ಲ, ರಾಣಿಯೂ ಇಲ್ಲ. ಬೂದು ಬಣ್ಣದ ಬಿಗಿಯುಡುಪು ತೊಟ್ಟ ಏಳು ಜನ ಸಾಲಾಗಿ ನಡೆಯುತ್ತಾರೆ, ತಿರುಗುತ್ತಾರೆ, ನಿಲ್ಲುತ್ತಾರೆ. ಸಂಗೀತವೂ ಅಷ್ಟೆ. ಐದು ಸ್ವರಗಳ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಬಹಳ ಹೊತ್ತಿನ ಮೇಲೆ ಅದರಲ್ಲೊಂದು ಸ್ವರ ಬದಲಾಗುತ್ತದೆ, ಅದರೊಂದಿಗೇ ಹೆಜ್ಜೆಯೂ ಬದಲಾಗಬೇಕು. ಯಾವಾಗ ಬದಲಿಸಬೇಕೆಂಬುದನ್ನು ನಿರ್ದೇಶಕರು ಅವಳಿಗೇ ಬಿಟ್ಟಿದ್ದರು. ಬೆನ್ನ ಹಿಂದಿನ ಉಸಿರಾಟವನ್ನೂ ಪಾದಗಳ ಸಪ್ಪಳವನ್ನೂ ಕೇಳಿಸಿಕೊಂಡು ಅವಳು ಬೆರಳು ಸರಿಸುತ್ತಿದ್ದಳು.

ಅವಳು ಇದ್ದದ್ದು ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ಅಲ್ಲೂ ಒಂದು ಹಳೆಯ ಕೀಬೋರ್ಡಿನಲ್ಲಿ ಅದೇ ಸ್ವರಗಳನ್ನು ನುಡಿಸಿಕೊಳ್ಳುತ್ತಿದ್ದಳು. "ನಮ್ಮ ಅತ್ತಿಗೆ ನುಡಿಸೋದು ಕೇಳಿ, ನಲ್ಲಿ ಸೋರ್ತಿದೆ ಅಂತ ಪ್ಲಂಬರ್‌ನ ಕರೆಸಿಬಿಟ್ಟಿದ್ದೆ," ಎಂದು ತಮ್ಮನ ಹೆಂಡತಿ ಬಂದವರನ್ನೆಲ್ಲ ನಗಿಸುತ್ತಿದ್ದಳು. ಅಕ್ಕನೂ ನಗುತ್ತಿದ್ದಳು. ಅವಳು ಬರುವುದು ತಡವಾದರೆ ಆ ಮನೆಯವರು ತಟ್ಟೆ ಮುಚ್ಚಿಟ್ಟು ಮಲಗುತ್ತಿದ್ದರು. ಹಾಲಿನಲ್ಲಾದರೆ ಅವಳ ಒಂದು ಬೆರಳಿಗಾಗಿ ಏಳು ಜನ ಕಾಯುತ್ತಿದ್ದರು.

ಈ ನಡುವೆ ತಂಡಕ್ಕೆ ಹೊರ ಊರುಗಳಿಂದ ಕರೆ ಬಂತು. ವ್ಯಾನಿಗೆ ಪಿಯಾನೊ ಹತ್ತುವಂತಿರಲಿಲ್ಲ. ಅವಳು ನುಡಿಸಿದ್ದನ್ನೇ ರೆಕಾರ್ಡ್ ಮಾಡಿಕೊಂಡರು.

"ನಾಳೆ ಇದನ್ನ ಹಾಕಿ ನೋಡೋಣ," ಎಂದರು ನಿರ್ದೇಶಕರು. "ಸರಿ ಬರ್ಲಿಲ್ಲ ಅಂದ್ರೆ ಹೇಳ್ಬಿಡಿ. ಹೋದಲ್ಲೆಲ್ಲ ಬಾಡಿಗೆ ಪಿಯಾನೊ ಹುಡುಕ್ತೀನಿ, ನೀವೂ ಜೊತೆಗೆ ಹೊರಡಿ. ನಿಮ್ಮ ಮಾತೇ ಕೊನೆ."

ಮರುದಿನ ಅಕ್ಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಮೊದಲ ಸಲ ಕುಣಿಯುವವರ ಕಡೆ ಮುಖ ಮಾಡಿ ಕೂತಳು. ಒಂದು ಕಡೆ ಸ್ವರ ಬದಲಾದದ್ದೇ ತಡ, ಆರು ಜನ ಪಕ್ಕಕ್ಕೆ ಜಾರಿಹೋದರು. ಎಲ್ಲರಿಗಿಂತ ಉದ್ದವಾಗಿದ್ದ, ಎಲ್ಲರೂ ಕೊಕ್ಕರೆ ಎಂದು ಕರೆಯುತ್ತಿದ್ದ ಹುಡುಗಿ ನಡುವೆ ಒಬ್ಬಳೇ ಉಳಿದಳು. ಅರ್ಧ ಎತ್ತಿದ ಕೈಯನ್ನು ಇಳಿಸಲೂ ಆಗದೆ, ಚಾಚಲೂ ಆಗದೆ ನಿಂತಿದ್ದಳು. ಆ ಸ್ವರವನ್ನು ಬದಲಿಸಿದ್ದು ತನ್ನದೇ ಬೆರಳು ಎಂಬುದು ಅಕ್ಕನಿಗೆ ತಟ್ಟಿತು.

ವಿರಾಮದಲ್ಲಿ ಕೊಕ್ಕರೆ ನೀರಿನ ಬಾಟಲಿ ಹಿಡಿದು ಬಂದು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಅಲ್ಲಿ ನೀನೊಬ್ಳೇ ಉಳ್ಕೋತೀಯಾ?" ಅಕ್ಕ ಕೇಳಿದಳು.

"ಇಷ್ಟು ವರ್ಷ ಎಲ್ರನ್ನೂ ಓಡಿಸಿದ್ದು ನೀವೇ. ಈಗ ಕೇಳ್ತಿದೀರಾ?"

"ನಂಗೇನು ಬೆನ್ನಲ್ಲಿ ಕಣ್ಣಿತ್ತೇನೇ?"

ಕೊಕ್ಕರೆ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಅಲ್ಲಿ ನಿಂತಾಗ ನಿಮ್ಮ ಬೆನ್ನನ್ನೇ ನೋಡ್ತಿದ್ದೆ ಅಕ್ಕ. ಕೂದಲು ಎತ್ತಿ ಕಟ್ಟಿದ್ರೆ, ಓಹೋ, ಇವತ್ತು ಅಕ್ಕಂಗೆ ಸೆಕೆ ಅಂದ್ಕೋತಿದ್ದೆ. ಇವತ್ತು ನೋಡೋಕೆ ಏನೂ ಇರ್ಲಿಲ್ಲ. ಈ ರೆಕಾರ್ಡು ಬೇಡ ಅಂದ್ಬಿಡಿ."

ಅಷ್ಟರಲ್ಲಿ ನಿರ್ದೇಶಕರು ಬಂದರು. "ಹೇಗಿತ್ತು?"

ಬೇಡ ಎಂದರೆ ಸಾಕಿತ್ತು, ವ್ಯಾನಿನಲ್ಲಿ ಅವಳಿಗೊಂದು ಜಾಗ. ಅಕ್ಕ ಕೊಕ್ಕರೆಯ ಕಡೆ ನೋಡಲಿಲ್ಲ.

"ರೆಕಾರ್ಡು ಸರಿಯಾಗಿದೆ. ಇವಳು ಒಂಟಿಯಾಗಿ ನಿಂತದ್ದು ಇವತ್ತು ನಿಜ ಅನ್ನಿಸ್ತು. ನಾನಿದ್ರೆ ಅದು ಕೆಡುತ್ತೆ."

"ಅಕ್ಕಾ..." ಕೊಕ್ಕರೆ ನೆಲದಿಂದ ಎದ್ದಳು.

"ಬೈಬೇಡ ಕಣೇ. ಕಣ್ಣಾರೆ ನೋಡಿದ್ದನ್ನ ನೋಡಿಲ್ಲ ಅನ್ನೋಕೆ ಬರಲ್ಲ ನಂಗೆ."

ವಿರಾಮ ಮುಗಿಯಿತು. ಏಳು ಜನ ಮತ್ತೆ ಸಾಲಾಗಿ ನಿಂತರು. ಯಾರೋ ಗುಂಡಿ ಒತ್ತಿದರು, ಐದು ಸ್ವರಗಳು ಹೊರಟವು. ಅಕ್ಕ ಎದ್ದು ಕುರ್ಚಿಯನ್ನು ಕಂಬದ ಮರೆಗೆ, ಕೊಕ್ಕರೆಯ ಕಣ್ಣಿಗೆ ಬೀಳದಷ್ಟು ಹಿಂದಕ್ಕೆ ಎಳೆದುಕೊಂಡು ಕೂತಳು.