ಅತ್ತೆಯ ಬೆನ್ನು ತುಳಿದ ಮೇಲೆ

ಗೆಳತಿಯರೇ, ಇದು ಯಾವ ಲೆಕ್ಕವೋ ನೀವೇ ಹೇಳಿ.

ಅತ್ತಿವೇರಿಯ ಹೊಲದಲ್ಲಿ ಗೋವಿನಜೋಳ ಮುರಿದು ಬೆನ್ನು ಹಿಡಿದುಕೊಂಡು, ರಾತ್ರಿಯೆಲ್ಲ ನಿದ್ದೆಯಿಲ್ಲದ ನಮ್ಮತ್ತೆ ಇವತ್ತು ಮಧ್ಯಾಹ್ನ ಚಾಪೆಯ ಮೇಲೆ ಬೋರಲು ಮಲಗಿ, "ಬೆನ್ನ ಮ್ಯಾಲೆ ನಿಂತು ತುಳಿಯವಾ" ಎಂದರು. ನಾನೇನು ಹಗುರದವಳಲ್ಲ. ಗೋಡೆ ಹಿಡಿದು ಹೆದರುತ್ತಲೇ ಹತ್ತಿದೆ.

"ಇನ್ನಷ್ಟು ಭಾರ ಬಿಡು, ಆರಾಮ ಅನಸ್ತೈತಿ" ಎಂದವರು ನನ್ನ ಕಾಲಡಿಯಲ್ಲೇ ಗೊರಕೆ ಹೊಡೆದರು.

ಮೆಲ್ಲಗೆ ಇಳಿದೆ. ಹಿರಿಯರಿಗೆ ಕಾಲು ತಾಗಿದರೆ ನಮಸ್ಕರಿಸಬೇಕಲ್ಲ ಎಂದು ಬೆರಳ ತುದಿಯಿಂದ ಅವರ ಅಂಗಾಲು ಮುಟ್ಟಿದೆ. ಬೆಚ್ಚಿ ಎದ್ದು ಕುಳಿತರು.

"ಹುಳಾ ಹರದಂಗಾತು. ಈಗ ಜರಾ ನಿದ್ದಿ ಹತ್ತಿತ್ತು, ಯಾಕ ಮುಟ್ಟಿದಿ?"

"ನಮಸ್ಕಾರ ಮಾಡಿದ್ನಿರಿ."

"ಮಲಗಿದವರಿಗೆ ಯಾರ ಮಾಡ್ತಾರ ನಮಸ್ಕಾರ? ನಾ ಇನ್ನೂ ಜೀವಂತ ಅದೇನಿ."

ಇಡೀ ಮೈಭಾರಕ್ಕೆ ಏಳದವರು ಒಂದು ಬೆರಳಿಗೆ ಹೇಗೆ ಎದ್ದರೋ ತಿಳಿಯುತ್ತಿಲ್ಲ. ತುಳಿದು ಮಲಗಿಸಿದವಳು, ನಮಸ್ಕರಿಸಿ ಬೈಸಿಕೊಂಡೆ.