ಒಣಸಿಗಡಿ ಡಬ್ಬಿಯಲ್ಲಿ ಅಡಗಿಸಿದ ಸಿನಿಮಾ

ಮೊನ್ನೆ ಕಾರವಾರದ ನಮ್ಮ ಬಾಡಿಗೆ ಮನೆಯ ಕಪಾಟು ಒರೆಸುವಾಗ ಹಳೆಯ ವಿಡಿಯೋ ಕ್ಯಾಸೆಟ್ಟೊಂದು ಕೈಗೆ ಸಿಕ್ಕಿತು. ಕವರು ತೆರೆದದ್ದೇ ಒಣಸಿಗಡಿಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷದ ಮೇಲೂ ವಾಸನೆ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ಉಳಿಯುವುದಿಲ್ಲ. ಮಗಳು ಮೂಸಿ ನೋಡಿ, "ಎಂತ ವಾಸ್ನೆನೂ ಇಲ್ಲ ಅಮ್ಮಾ, ಬರೀ ಧೂಳು" ಎಂದಳು. ನನ್ನ ಮೂಗಿಗೆ ಮಾತ್ರ ಅದು ಇದೆ, ಹೋಗು ಎಂದರೂ ಹೋಗುವುದಿಲ್ಲ. ಬೆಳೆದ ಮನೆಯ ಗುರುತೇ ಇಲ್ಲದಂತಾದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ಕೂತಂಥ ಹಂಚಿನ ಮನೆ ಆಗ ನಮ್ಮದು. ಅಪ್ಪ ಹೋದಮೇಲೆ ನನ್ನನ್ನೂ ಆಯಿಯನ್ನೂ, ಎಂದರೆ ನನ್ನ ಅಮ್ಮನನ್ನೂ, ಅಜ್ಜಿ ತನ್ನ ಈ ಮನೆಗೇ ಕರೆದುಕೊಂಡಿದ್ದಳು. ಆಯಿಯ ತಮ್ಮ, ನನ್ನ ಮಾಮಾ, ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ. ಒಮ್ಮೆ ರಜೆಗೆ ಬರುವಾಗ ಟೀವಿ, ವಿಸಿಆರ್ ಮತ್ತು ಒಂದೇ ಒಂದು ಕ್ಯಾಸೆಟ್ ತಂದ. ಅದೊಂದು ಹಳೆಯ ಅಮೆರಿಕದ ಹೊಡೆದಾಟದ ಸಿನಿಮಾ. ಅದರಲ್ಲಿ ಕಪ್ಪು ಬಣ್ಣದ ಎತ್ತರದ ಹೆಂಗಸು, ಸುಗ್ಗಿ ಕುಣಿತದ ತುರಾಯಿಯಷ್ಟು ದೊಡ್ಡ ಗುಂಗುರು ಕೂದಲು, ಬೆಲ್ ಬಾಟಮ್ ಪ್ಯಾಂಟು. ತಮ್ಮನನ್ನು ಕೊಂದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಒದೆಯುವುದೇ ಅವಳ ಕೆಲಸ. ಇಂಗ್ಲಿಷ್ ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಮುತ್ತಿಡುವ ದೃಶ್ಯ ಬಂದರೆ ಅಜ್ಜಿ ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದು ತಾನು ಕಣ್ಣರಳಿಸಿ ನೋಡುತ್ತಿದ್ದಳು. ಹೊಡೆದಾಟ ಬಂದರೆ ಆ ಕೈಯನ್ನೇ ನೆಲಕ್ಕೆ ಕುಟ್ಟಿ, "ಹೊಡಿಯೇ ಅವಂಗೆ, ಇನ್ನೊಂದ್ ಹೊಡಿ! ಇವ್ಳು ನಮ್ಮ ಮೀನ್ ಮಾರ್ಕೆಟಿಗೆ ಬಂದ್ ಕೂತ್ರೆ ಯಾರ್ ಕಮ್ಮಿಗೆ ಕೇಳ್ತ್ರು ನೋಡ್ವಾ!" ಎನ್ನುವಳು. ನನಗೆ ಆ ಹೆಂಗಸು ಬರೀ ಸಿನಿಮಾದವಳಲ್ಲ. ನಾನೂ ಕಪ್ಪು, ನನ್ನದೂ ಗುಂಗುರು ಕೂದಲು. ಶಾಲೆಯಲ್ಲಿ ನನ್ನನ್ನು ಕಂಡರೆ "ಕರಡಿ ಬಂತು" ಎಂದು ಬೆಂಚು ಬಡಿಯುತ್ತಿದ್ದರು. ಆ ಕರಡಿ ಕೂದಲನ್ನೇ ತಲೆಯೆತ್ತಿ ಹೊತ್ತು ನಡೆಯುವವಳನ್ನು ನಾನು ಅಲ್ಲಿಯವರೆಗೆ ಎಲ್ಲೂ ಕಂಡಿರಲಿಲ್ಲ. ಶಾಲೆಯಿಂದ ಬಂದು ದಿನಾ ಅವಳನ್ನು ನೋಡುತ್ತಿದ್ದೆ. ಮಾಮಾ ಬೈಯುತ್ತಿದ್ದ, ವಿಸಿಆರ್ ಕೆಟ್ಟರೆ ರಿಪೇರಿಗೆ ಗೋವೆಗೇ ಒಯ್ಯಬೇಕು ಎಂದು.

ಅದೇ ವರ್ಷ ಸರ್ಕಾರ ಕಟ್ಟಲಿದ್ದ ನೌಕಾನೆಲೆಗೆ ನಮ್ಮ ಕೇರಿಯ ಜಾಗವೂ ಹೋಗುತ್ತದೆ ಎಂಬುದು ಖಾತ್ರಿಯಾಯಿತು. ಅಜ್ಜಿ ಎಲ್ಲರೆದುರು ಅಳಲಿಲ್ಲ. ಒಂದು ಮಾತು ಮಾತ್ರ ಹಿಡಿದು ಕೂತಳು. "ಮನೆ ಹೋಗ್ಲಿ. ಮನೆದೊಂದು ವಿಡಿಯೋ ಆದ್ರೂ ಇರ್ಲಿ. ನಾಳೆ ಈ ಹುಡ್ಗಿ ಮಕ್ಳಿಗೆ ತೋರ್ಸೂಕೆ ಬೇಕು." ಮಾಮಾ ಅಂಕೋಲೆಯಿಂದ ಮದುವೆ ವಿಡಿಯೋ ತೆಗೆಯುವವನನ್ನು ಕರೆತಂದ. ಅಜ್ಜಿ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ತಯಾರಾಗಿದ್ದಳು. ಮೊದಲು ಹೊಸ್ತಿಲು, ಆಮೇಲೆ ಮಕ್ಕಳನ್ನು ಹೆತ್ತ ಕೋಣೆ, ಆಮೇಲೆ ಸಮುದ್ರಕ್ಕೆ ಹೋಗಿ ಮರಳದ ಅಜ್ಜ ಬಲೆ ನೇತುಹಾಕುತ್ತಿದ್ದ ಗೂಟ ಎಂದು ತೋರಿಸುವ ಸಾಲನ್ನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದಳು. ಕ್ಯಾಮೆರಾದವನು ಬಂದವನೇ ಚೀಲ ತಡಕಿ, "ಖಾಲಿ ಕ್ಯಾಸೆಟ್ ಇಲ್ಲ ಮಾರಾಯ್ರೆ, ಎಲ್ಲಾ ಮದ್ವೆದೇ ತುಂಬಿದ್" ಎಂದ. ಮಾಮಾ ತಡಮಾಡಲಿಲ್ಲ. "ಮನೇಲಿ ಒಂದ್ ಇಂಗ್ಲಿಷ್ ಸಿನಿಮಾ ಇದೆ. ತೂತಿಗೆ ಟೇಪ್ ಹಚ್ಚಿ ಅದ್ರ ಮೇಲೇ ತೆಗಿ" ಎಂದ. ಕ್ಯಾಸೆಟ್ಟಿನ ಅಂಚಿನ ಆ ತೂತು ಮುಚ್ಚಿದರೆ ಹಳೆಯದರ ಮೇಲೆ ಹೊಸದು ಮೂಡಿ ಸಿನಿಮಾ ಅಳಿಸಿಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅವರ ಚಹಾ ಮುಗಿಯುವುದರೊಳಗೆ ನಾನು ಕ್ಯಾಸೆಟ್ ತೆಗೆದುಕೊಂಡು ಹೋಗಿ ಅಡುಗೆಮನೆಯ ಒಣಸಿಗಡಿ ಡಬ್ಬಿಯಲ್ಲಿ ಹುಗಿದೆ.

ಹುಡುಕಿದರು. ಮಾಮಾ ಹಾಸಿಗೆ ಕೊಡವಿದ, ಆಯಿ ಪೆಟ್ಟಿಗೆ ಬುಡಮೇಲು ಮಾಡಿದಳು. "ನೀ ಕಂಡ್ಯೇನೆ?" ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದೆ. ಅಡುಗೆಮನೆಗೆ ಬಂದವಳು ಅಜ್ಜಿ. ಒಂದೊಂದೇ ಡಬ್ಬಿ ತೆರೆದು ನೋಡುತ್ತ ಸಿಗಡಿಯದ್ದಕ್ಕೆ ಬಂದಳು, ಮುಚ್ಚಳ ತೆಗೆದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಡಬ್ಬಿಯೊಳಗೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮುಚ್ಚಳ ಒತ್ತಿ ಹಾಕಿ ಹೊರಗೆ ಕೂಗಿ ಹೇಳಿದಳು, "ಇಲ್ಲೂ ಇಲ್ಲ, ಬಿಡಿ. ಇನ್ನೊಂದಿನ ಮಾಡ್ವಾ." ಕ್ಯಾಮೆರಾದವನು ಮುಂದಿನ ವಾರ ಖಾಲಿ ಕ್ಯಾಸೆಟ್ ತರುತ್ತೇನೆಂದು ಹೋದ. ಮದುವೆಗಳ ಕಾಲ, ಬರಲಿಲ್ಲ. ನಾವು ಸಾಮಾನು ಲಾರಿಗೆ ಹಾಕಿದೆವು. ಅಜ್ಜಿ ಆ ಸೀರೆಯನ್ನು ಮತ್ತೆ ಉಡಲಿಲ್ಲ.

ಹೊಸ ಜಾಗದ ಸಿಮೆಂಟು ಶೀಟಿನ ಮನೆಯಲ್ಲಿ ಕ್ಯಾಸೆಟ್ ಸಾಮಾನಿನ ನಡುವೆ "ಸಿಕ್ಕಿತು". ಮಾಮಾ ಹಾಕಿದ. ಆ ಹೆಂಗಸು ಒದೆಯಲು ಕಾಲೆತ್ತಿದ್ದೇ ಅಜ್ಜಿ ತಲೆನೋವೆಂದು ಎದ್ದು ಹೊರಗೆ ಹೋದಳು. ಮುಂದೆ ಪ್ರತಿ ಸಲವೂ ಹೋದಳು. ನನಗೆ ಒಂದು ಮಾತು ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ. ಒಂದು ಪೆಟ್ಟು ಕೊಟ್ಟಿದ್ದರೆ, ಡಬ್ಬಿಯಿಂದ ತೆಗೆದು ಕ್ಯಾಮೆರಾದವನ ಕೈಗೆ ಕೊಟ್ಟಿದ್ದರೆ, ಎರಡು ದಿನ ಅತ್ತು ಸುಮ್ಮನಾಗುತ್ತಿದ್ದೆ. ಹತ್ತು ವರ್ಷದ ಹುಡುಗಿಯ ಹಟಕ್ಕೆ ಇಡೀ ಮನೆ ಬಿಟ್ಟುಕೊಡುತ್ತಾರೆಯೇ? ಅವಳ ಮೇಲೂ ನನಗೆ ಸಿಟ್ಟಿದೆ, ಹೇಳಿಯೇ ಬಿಡುತ್ತೇನೆ. ಮೂರನೆಯ ಮಳೆಗಾಲಕ್ಕೆ ಅಜ್ಜಿ ತೀರಿಕೊಂಡಳು. ಅವಳದೆಂದು ಉಳಿದದ್ದು ರೇಷನ್ ಕಾರ್ಡಿನ ಮಸುಕು ಫೋಟೋ, ಅದರಲ್ಲಿ ಅರ್ಧ ಮುಖದ ಮೇಲೆ ಠಸ್ಸೆ.

ಮಗಳು ಕ್ಯಾಸೆಟ್ಟಿನ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಒತ್ತಿದಳು. ಅರ್ಧ ನಿಮಿಷ ಹಿಡಿಯಲಿಲ್ಲ, ಪೂರ್ತಿ ಸಿನಿಮಾ ಬಂತು, ನಮ್ಮ ಟೀವಿಯಲ್ಲಿ ಕಂಡದ್ದಕ್ಕಿಂತ ಚೊಕ್ಕವಾಗಿ. ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಪುಕ್ಕಟೆ ನೋಡಬಹುದು. ಸ್ವಲ್ಪ ನೋಡಿ ಮಗಳು ಬದಿಗಿಟ್ಟಳು. "ಇದು ಬಿಡು, ನಿಮ್ಮ ಆ ಮನೆ ಹೇಗಿತ್ತು? ವಿಡಿಯೋ ಇಲ್ವಾ?" ಎಂದಳು. ಮೊಬೈಲಿನಲ್ಲಿ ಆ ಹೆಂಗಸು ಯಾರದೋ ಮನೆಯ ಬಾಗಿಲು ಒದ್ದು ಒಳಗೆ ನುಗ್ಗುತ್ತಿದ್ದಳು. ಅವಳ ಮುಖದ ಒಂದೊಂದು ಗೆರೆಯೂ ನನಗೆ ಬಾಯಿಪಾಠ, ಅಜ್ಜಿಯ ಮುಖ ಹೇಗಿತ್ತೆಂದು ಸರಿಯಾಗಿ ಹೇಳಲಾರೆ.