ಅತ್ತೆಗೆ ಕೇಳಿಸಿದ ಸದ್ದು

ನಮ್ಮ ನೆಂಟರಲ್ಲಿ ಯಾರಾದರೂ ದೆವ್ವ, ಗಾಳಿ, ಕನಸಿನಲ್ಲಿ ಬಂದು ಮಾತಾಡಿದ ಅಜ್ಜ ಎಂದು ಕಥೆ ಶುರುಮಾಡುವ ಮೊದಲು, ನಾನು ಅಲ್ಲಿ ಇದ್ದೇನೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತಿದ್ದರು. "ನೀವೇ ಕಣ್ಣಾರೆ ನೋಡಿದ್ರಾ?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಚಟವಾಗಿತ್ತು. ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಆ ಗತ್ತು ಇನ್ನೂ ಪೂರ್ತಿ ಹೋಗಿಲ್ಲ. ಈಗ ಅದೇ ಪ್ರಶ್ನೆಯನ್ನು ನೀವು ನನ್ನನ್ನೇ ಕೇಳಿದರೆ, ಹೌದು, ಕಣ್ಣಾರೆ ನೋಡಿದೆ ಎನ್ನುತ್ತೇನೆ. ಆದರೆ ಕೇಳಿಸಿದ್ದು ನನಗಲ್ಲ. ತೊಡಕು ಇರುವುದೇ ಅಲ್ಲಿ.

ಜಾವಗಲ್ ಹತ್ತಿರ, ಗುಡ್ಡದ ಮಗ್ಗುಲಲ್ಲಿ ನಮ್ಮ ತೋಟದ ಮನೆ ಇದೆ. ತೆಂಗೇ ನಮ್ಮ ಬದುಕು. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು, ಕೊಬ್ಬರಿ ಮಾಡಿ ಅರಸೀಕೆರೆ ಮಾರುಕಟ್ಟೆಗೆ ಹಾಕುತ್ತೇವೆ. ಮನೆಯಿಂದ ಡಾಂಬರು ರಸ್ತೆಗೆ ಇಳಿಯುವ ದಾರಿ ಬರೀ ಕಲ್ಲು, ಕೊರಕಲು. ಅರ್ಧ ದಾರಿಯಲ್ಲಿ ಒಂದು ಹಳೆಯ ಕಲ್ಲುಕ್ವಾರಿಯ ಅಂಚಿನಲ್ಲೇ ತಿರುವು ತೆಗೆದುಕೊಳ್ಳಬೇಕು. ಕ್ವಾರಿಯ ತುಂಬ ಹಸಿರು ನೀರು, ತಡೆಗೋಡೆ ಅನ್ನುವುದು ಹೆಸರಿಗೂ ಇಲ್ಲ. ಕಾರು ಅಲ್ಲಿಗೆ ಬರುವುದಿಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಸಿಗುವ ಹಳೆಯ ಜೀಪೇ ನಮಗೆ ಗತಿ. ನಮ್ಮ ಯಜಮಾನರಿಗೆ ಮಂಡಿನೋವು ಶುರುವಾದ ಮೇಲೆ ಅದನ್ನು ಓಡಿಸುವವಳು ನಾನು.

ಅತ್ತೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರ ಕಾಲದಲ್ಲಿ ಕಾಯಿ ಆರಿಸುವುದೆಂದರೆ ಅವರೇ. ತುದಿಗೆ ಕಬ್ಬಿಣದ ಬಳೆ ಹಾಕಿದ ಒಂದು ಕೋಲು ಹಿಡಿದು, ರಾಶಿಯ ಮುಂದೆ ಕೂತು ಒಂದೊಂದನ್ನೇ ತಟ್ಟಿ ನೋಡುತ್ತಿದ್ದರಂತೆ. ಒಳ್ಳೆಯ ಕಾಯಿ ಠಣ್ ಎನ್ನುತ್ತದೆ, ಕೆಟ್ಟದ್ದು ಮಂಕಾಗಿ ದಬ್ ಎನ್ನುತ್ತದೆ. ಅವರು ಪಕ್ಕಕ್ಕೆ ಹಾಕಿದ ಕಾಯಿಯನ್ನು ಒಡೆದು ನೋಡಿ "ಇದು ಚೆನ್ನಾಗೇ ಐತಲ್ಲ" ಎಂದವರು ಯಾರೂ ಇಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವರಿಗೆ ಭಾರಿ ಜ್ವರ ಬಂತು. ಜ್ವರ ಬಿಟ್ಟಿತು, ಕಿವಿ ಹೋಯಿತು. ಮಾತೇನೋ ಸ್ಪಷ್ಟವಾಗಿಯೇ ಆಡುತ್ತಾರೆ. ಆದರೆ ನನ್ನ ಮಗಳು ಸಹನಾಳ ದನಿ ಹೇಗಿದೆ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ನಾವು ಕೈಸನ್ನೆ ಮಾಡುತ್ತೇವೆ, ತುಟಿ ಬಿಡಿಸಿ ಹೇಳುತ್ತೇವೆ.

ಸಹನಾ ಹೆರಿಗೆಗೆ ಬಂದಿದ್ದಳು. ಬಾಣಂತನ ಮುಗಿದು ಅವಳನ್ನೂ ಮಗುವನ್ನೂ ಹಳೇಬೀಡಿನ ಆಚೆ ಇರುವ ಅವಳ ಗಂಡನ ಮನೆಗೆ ಬಿಟ್ಟುಬರಬೇಕಾದ ದಿನ. ಬೀಗರ ಮನೆಗೆ ಹೋಗುವ ಗಾಡಿ ಲಕ್ಷಣವಾಗಿರಲಿ ಎಂದು ನಮ್ಮ ಯಜಮಾನರು ಎರಡು ದಿನ ಮೊದಲೇ ನಾಲ್ಕೂ ಚಕ್ರ ಬಿಚ್ಚಿ, ಬೆಳ್ಳಿಬಣ್ಣವನ್ನು ದಪ್ಪಗೆ ಬಳಿದು, ತಾವೇ ತೊಡಿಸಿದ್ದರು. ತುಕ್ಕು ಹಿಡಿಯದಿರಲೆಂದು ಬೋಲ್ಟುಗಳಿಗೆ ಕೊಬ್ಬರಿ ಎಣ್ಣೆಯನ್ನೂ ಸವರಿದ್ದರು. ನಮ್ಮ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ ಮಂಡಿ ಹಿಡಿದುಕೊಂಡರೂ ಕೊಬ್ಬರಿ ಎಣ್ಣೆಯೇ ಮದ್ದು. ಹಿಂದಿನ ದಿನ ನಾನು ಅದೇ ಜೀಪಿನಲ್ಲಿ ಜಾವಗಲ್‌ಗೆ ಹೋಗಿ ಸಾಮಾನು ತಂದಿದ್ದೆ. ಏನೂ ತೊಂದರೆ ಕಂಡಿರಲಿಲ್ಲ.

ಬೆಳಗ್ಗೆ ರಾಹುಕಾಲಕ್ಕೆ ಮುಂಚೆ ಹೊರಡಬೇಕೆಂದು ನನಗೆ ಅವಸರ. ನೋಡಿ, ದೆವ್ವ ನಂಬದವಳಿಗೂ ರಾಹುಕಾಲ ಬೇಕು. ತೊಟ್ಟಿಲು, ಬುಟ್ಟಿ, ಒಂದು ಚೀಲ ಕಾಯಿ ಹಿಂದೆ ಹೇರಿ ಆಗಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಸಹನಾ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಪಕ್ಕ ಕೂತಿದ್ದಳು. ನಾನು ಇನ್ನೂ ಕೀಲಿ ತಿರುಗಿಸಿರಲಿಲ್ಲ. ಜಗುಲಿಯ ಮೇಲೆ ಕೂತಿದ್ದ ಅತ್ತೆ ಥಟ್ಟನೆ ಮುಖ ಎತ್ತಿದರು. ಯಾರೋ ಕರೆದರೆ ತಿರುಗುತ್ತೇವಲ್ಲ, ಹಾಗೆಯೇ ಜೀಪಿನ ಕಡೆ ತಿರುಗಿದರು. ಆಮೇಲೆ ಕಾಯಿ ತಟ್ಟುತ್ತಿದ್ದ ಅದೇ ಕೋಲೂರಿಕೊಂಡು ಇಳಿದು ಬಂದು ಬಾನೆಟ್ಟಿನ ಮುಂದೆ ನಿಂತುಬಿಟ್ಟರು.

"ತಡೀರಿ. ಒಂದು ಕೆಟ್ಟೈತೆ," ಎಂದರು.

ಬೀಗರ ಮನೆಗೆ ಹೋಗುವ ಚೀಲದಲ್ಲಿ ಕೆಟ್ಟ ಕಾಯಿ ಸೇರಿದೆ ಎಂದುಕೊಂಡು ನಮ್ಮವರು ಚೀಲ ಬಿಚ್ಚಿದರು. ಮೊಣಕಾಲು ಹಿಡಿದುಕೊಂಡು ಒಂದೊಂದನ್ನೇ ತಟ್ಟಿದರು. ಎಲ್ಲವೂ ಚೆನ್ನಾಗಿದ್ದವು. ನನಗೆ ಮೈಯೆಲ್ಲ ಉರಿ. "ರೀ, ಹೊತ್ತಾಯ್ತು. ಅತ್ತೆಯನ್ನ ಪಕ್ಕಕ್ಕೆ ಕರ್ಕೊಳ್ಳಿ," ಎಂದೆ. ಸಹನಾ "ಪಾಪ ಅಮ್ಮ, ನಮ್ಮನ್ನ ಕಳಿಸೋಕೆ ಅಜ್ಜಿಗೆ ಮನಸ್ಸಿಲ್ಲ," ಎಂದಳು. ಅತ್ತೆ ಯಾರ ಮುಖವನ್ನೂ ನೋಡಲಿಲ್ಲ. ಸುತ್ತಿ ಬಂದು ಹಿಂದಿನ ಎಡ ಚಕ್ರದ ಮೇಲೆ ಕೋಲು ಇಟ್ಟು, "ಕಾಯಲ್ಲ ಕಣ್ಲಾ, ಇದು," ಎಂದರು.

ತಾಯಿಯ ಸಮಾಧಾನಕ್ಕೆಂದೇ ನಮ್ಮವರು ಬಗ್ಗಿ ಒಂದು ನಟ್ಟಿಗೆ ಕೈ ಹಾಕಿದರು. ಪಾನಾ ಬೇಕಾಗಲಿಲ್ಲ, ಡಬ್ಬಿಯ ಮುಚ್ಚಳದಂತೆ ಬೆರಳಲ್ಲೇ ತಿರುಗಿತು. ಅದರ ಪಕ್ಕದ್ದೂ ತಿರುಗಿತು. ಅವರು ನೆಲದ ಮೇಲೆ ಕೂತುಬಿಟ್ಟರು. ನಾನು ಇಳಿದು ನೋಡಿದೆ. ನನ್ನ ಕಣ್ಣ ಮುಂದೆ ಬಂದದ್ದು ಆ ಕ್ವಾರಿಯ ತಿರುವು, ಆಮೇಲೆ ಸಹನಾಳ ತೊಡೆಯ ಮೇಲಿದ್ದ ಮಗುವಿನ ಉಣ್ಣೆಯ ಟೋಪಿ. ಹೋಗಿ ಅತ್ತೆಯ ಕಾಲು ಹಿಡಿದುಕೊಂಡೆ. ಹಬ್ಬಹರಿದಿನದಲ್ಲೂ ನಾನು ಅಷ್ಟು ಮನಸಾರೆ ಅವರಿಗೆ ನಮಸ್ಕಾರ ಮಾಡಿದ್ದಿಲ್ಲ.

ಪರಿಚಯದ ಮೆಕ್ಯಾನಿಕ್ ಒಬ್ಬ ಜಾವಗಲ್‌ನಿಂದ ಬೈಕಿನಲ್ಲಿ ಬಂದ. "ಬಣ್ಣದ ಮ್ಯಾಲೆ ನಟ್ ಕೂತ್ರೆ ನಿಲ್ಲಲ್ಲ ಅಕ್ಕ. ಕಲ್ಲು ದಾರೀಲಿ ಕುಲುಕಿದಂಗೆಲ್ಲ ಬಣ್ಣ ನುರಿದು ಸಡ್ಲ ಆಯ್ತದೆ. ಎಣ್ಣೆ ಬೇರೆ ಹಚ್ಚವ್ರೆ," ಎಂದು ನಕ್ಕ. ನಟ್ಟು ಕೂರುವ ಜಾಗದ ಬಣ್ಣವನ್ನೆಲ್ಲ ಕೆರೆದು, ಎಣ್ಣೆ ಒರೆಸಿ, ಒಂದು ಬಿಟ್ಟು ಒಂದರಂತೆ ಎದುರುಬದುರು ಬಿಗಿದ. ಚಕ್ರ ಬಿಚ್ಚಿ ತೊಡಿಸಿದ ಮೇಲೆ ಸ್ವಲ್ಪ ದೂರ ಓಡಿಸಿ ಮತ್ತೆ ಬಿಗಿಯಲೇಬೇಕು ಎಂದ. ಅವನು ಹೋದ ಮೇಲೆ ಅತ್ತೆ ತಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು "ಈಗ ತಟ್ಟು," ಎಂದರು. ತಟ್ಟಿದೆ. ನಟ್ಟುಗಳೆಲ್ಲವೂ ಒಂದೇ ದನಿಯಲ್ಲಿ ಠಣ್ ಎಂದವು. ರಾಹುಕಾಲ ಕಳೆದು ಹೊರಟೆವು. ಹಳೇಬೀಡಿನಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿದು, ಮಗಳನ್ನೂ ಮೊಮ್ಮಗಳನ್ನೂ ಸುಖವಾಗಿ ತಲುಪಿಸಿದೆ.

ಆಮೇಲೆ ನನ್ನ ವಿಜ್ಞಾನದ ಬುದ್ಧಿ ಸುಮ್ಮನಿರಲಿಲ್ಲ. ಅತ್ತೆಯ ಬೆನ್ನ ಹಿಂದೆ ನಿಂತು ತಟ್ಟೆ ಬಡಿದೆ. ಅವರು ಅವರೆಕಾಯಿ ಬಿಡಿಸುತ್ತಲೇ ಇದ್ದರು. ಓಡುವ ಗಾಡಿಯಾಗಿದ್ದರೆ ಅದುರು ಮೈಗೆ ತಾಗಿತ್ತು ಎನ್ನಬಹುದಿತ್ತು. ಅವತ್ತು ಗಾಡಿ ನಿಂತಿತ್ತು, ಎಂಜಿನ್ ಆರಿತ್ತು, ಚಕ್ರವನ್ನು ಯಾರೂ ಮುಟ್ಟಿರಲಿಲ್ಲ. ಸಡಿಲವಾದ ನಟ್ಟು ತಾನಾಗಿ ಸದ್ದು ಮಾಡುವುದಿಲ್ಲ. ಏನು ಕೇಳಿಸಿತೆಂದು ಅತ್ತೆಯನ್ನೇ ಕೇಳಲು ಮಾತ್ರ ಯಾಕೋ ಧೈರ್ಯ ಬರಲಿಲ್ಲ. ಅಂದಿನಿಂದ ಗಾಡಿ ಹೊರಡಿಸುವ ಮುನ್ನ ಪಾನಾ ಹಾಕಿ ನೋಡಿ, ಆಮೇಲೆ ಅತ್ತೆಯ ಕೋಲು ಇಸಿದುಕೊಂಡು ಎಲ್ಲ ನಟ್ಟನ್ನೂ ತಟ್ಟುತ್ತೇನೆ. ನಮ್ಮವರು ಮೊದಮೊದಲು ನಕ್ಕರು, ಈಗ ನಗುವುದಿಲ್ಲ.

ಮೊನ್ನೆ ಸಹನಾ ಮಗಳನ್ನು ಕರೆದುಕೊಂಡು ಬಂದಿದ್ದಳು. ಆ ಮಗು ಈಗ ತೋಟದ ತುಂಬ ಓಡುತ್ತದೆ. ಅದು ಓಡುವುದನ್ನು ನೋಡುವಾಗಲೆಲ್ಲ ನನಗೆ ಅತ್ತೆಯ ಋಣ ನೆನಪಾಗುತ್ತದೆ. ತಾಯಿ ಮಗಳನ್ನು ಕಳಿಸಲು ಗಾಡಿ ತೆಗೆದು, ಎಂದಿನಂತೆ ಚಕ್ರ ತಟ್ಟಿ, ಜಗುಲಿಯ ಹತ್ತಿರ ಬಂದವಳು ಕೊನೆಗೂ ಕೇಳಿಬಿಟ್ಟೆ. ಮಗುವನ್ನು ತೋರಿಸಿ, ಚಕ್ರ ತೋರಿಸಿ, ಕಿವಿ ಮುಟ್ಟಿಕೊಂಡು, "ಅವತ್ತು ನಿಮಗೆ ಏನು ಕೇಳಿಸ್ತು?" ಎಂದು ತುಟಿ ಬಿಡಿಸಿ ಹೇಳಿದೆ.

ಇದೆಂಥ ಪ್ರಶ್ನೆ ಎನ್ನುವಂತೆ ಅತ್ತೆ ನನ್ನನ್ನು ನೋಡಿದರು. "ಇದೇ ಕಣವ್ವ. ಅವತ್ತೂ ನೀನು ಅಲ್ಲಿ ಕುಕ್ಕರುಗಾಲಲ್ಲಿ ಕೂತ್ಕೊಂಡು ತಟ್ತಿದ್ದೆಯಲ್ಲ, ಈ ಕೋಲಲ್ಲಿ. ಒಂದು ಮಂಕಾಗಿ ಕೇಳುಸ್ತು," ಎಂದರು.

"ಅವತ್ತು ನಾನು ಗಾಡಿ ಒಳಗೆ ಕೂತಿದ್ದೆ, ಅತ್ತೆ. ಕೋಲು ನಿಮ್ಮ ಕೈಯಲ್ಲೇ ಇತ್ತು," ಎಂದೆ.

ಅವರಿಗೆ ಕೇಳಿಸಲಿಲ್ಲ. ಕೋಲಿಗೆ ಕೈ ಚಾಚಿದರು.